ಅರ್ಧ ಬೆರಳೂ ಬ್ಯಾಂಡ್ ಸಾ ಮೆಷಿನ್ನೂ

ಎಲ್ಲವನ್ನೂ ಬರೆದಿಡುವ ಚಟ ಇರುವವರಿಗೆ ಒಂದು ಅಪಾಯವಿದೆ. ಮನೆಯಲ್ಲಿ ಯಾರಿಗೂ ಬೇಡವಾದ ಕೆಲಸ ಕೊನೆಗೆ ಅವರ ಕೊರಳಿಗೇ ಬೀಳುತ್ತದೆ. ನಾನು ಒಂಬತ್ತನೆಯ ತರಗತಿಯಿಂದ ಡೈರಿ ಬರೆಯುತ್ತಿದ್ದೇನೆ. ಮಳೆ ಬಂದ ದಿನ, ಬಸ್ಸು ತಪ್ಪಿದ ದಿನ, ಅಮ್ಮ ಉಪ್ಪಿಟ್ಟು ಮಾಡಿದ ದಿನ, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿದೆ. ಹೋದ ವರ್ಷ ನಮ್ಮ ಮನೆಯಲ್ಲಿ ತೊಂಬತ್ತೊಂದು ಸಲ ಉಪ್ಪಿಟ್ಟಾಯಿತು ಎಂದು ಓದಿ ಹೇಳಿದ ಮೇಲೆ ಅಮ್ಮ ನನ್ನೊಡನೆ ಸ್ವಲ್ಪ ಎಚ್ಚರದಿಂದಲೇ ಮಾತಾಡುತ್ತಾಳೆ. ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಪಘಾತ ಎಲ್ಲಾಯಿತು, ಎಷ್ಟು ಗಂಟೆಗಾಯಿತು, ಯಾವ ಕೈ, ಯಾವ ಬೆರಳು ಎಂದು ಅರ್ಜಿಗಳನ್ನು ತಿರುವಿ ಹಾಕಿ ಸುಳ್ಳು ಹುಡುಕುವುದೇ ಅಲ್ಲಿ ನನ್ನ ಕೆಲಸ. ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ, ಅಷ್ಟೆ.

ಮರ್ಫಿ ಟೌನಿನಲ್ಲಿ ನಮ್ಮ ದೊಡ್ಡಪ್ಪನದೊಂದು ಮರಗೆಲಸದ ಶೆಡ್ಡು. ಬೆನ್ಸನ್ ಟೌನಿನ ಹಳೆಯ ಬಂಗಲೆಗಳ ಕಿಟಕಿಯ ಮೇಲಿನ ಕುಸುರಿ, ಚರ್ಚುಗಳ ಬೆಂಚು, ಶಾಲೆಗಳ ಕಪ್ಪುಹಲಗೆಯ ಚೌಕಟ್ಟು ಎಲ್ಲ ಅಲ್ಲಿಂದ ಹೋಗುತ್ತಿದ್ದವು. ಈಗ ದೊಡ್ಡಪ್ಪನ ಎರಡೂ ಮಂಡಿಗೆ ಆಪರೇಷನ್ ಆಗಿದೆ, ಜಾಗದ ಮಾಲೀಕರು ಅಲ್ಲಿ ನಾಲ್ಕು ಮಹಡಿ ಎಬ್ಬಿಸಲು ಹೊರಟಿದ್ದಾರೆ. ತಿಂಗಳ ಮೂವತ್ತಕ್ಕೆ ಶೆಡ್ಡು ಖಾಲಿಯಾಗಬೇಕು. ಒಳಗೆ ಮೂರು ಮೆಷಿನ್ನು, ಮೂರೂ ಬೀಡು ಕಬ್ಬಿಣದವು, ಮೂರೂ ದೊಡ್ಡಪ್ಪನಿಗಿಂತ ಹಿರಿಯವು. ಮಂಚದ ಕಾಲು ಕಡೆಯುವ ಲೇತು, ಹಲಗೆ ನುಣುಪು ಮಾಡುವ ಪ್ಲೇನಿಂಗ್ ಮೆಷಿನ್, ಮತ್ತು ಬ್ಯಾಂಡ್ ಸಾ. ಈ ಬ್ಯಾಂಡ್ ಸಾ ಎಂದರೆ ಮೇಲೊಂದು ಕೆಳಗೊಂದು ಸೈಕಲ್ ಚಕ್ರಕ್ಕಿಂತ ದೊಡ್ಡ ಚಕ್ರ, ಅವೆರಡನ್ನೂ ಸುತ್ತಿ ರಿಬ್ಬನ್ನಿನಂತೆ ಓಡುವ ಗರಗಸ. "ಗುಜರಿಗೆ ಹಾಕೋದು ನನಗಿಷ್ಟ ಇಲ್ಲಮ್ಮ. ಓಡಿಸೋರ ಕೈಗೇ ಕೊಡು. ನೀನು ಹೇಗೂ ಎಲ್ಲಾ ಬರ್ಕೊಳ್ತೀಯಲ್ಲ" ಎಂದರು ದೊಡ್ಡಪ್ಪ, ಒಂದನೆಯ ತಾರೀಖು, ಬೆಳಿಗ್ಗೆ ಹತ್ತೂ ಕಾಲಿಗೆ.

ಲೇತು ಆರನೆಯ ತಾರೀಖು ಹೋಯಿತು. ಪ್ಲೇನಿಂಗ್ ಮೆಷಿನ್ ಹನ್ನೊಂದಕ್ಕೆ ದೊಡ್ಡನೆಕ್ಕುಂದಿಯ ಬಾಗಿಲಿನ ಕಾರ್ಖಾನೆಗೆ ಹೋಯಿತು. ಬ್ಯಾಂಡ್ ಸಾ ಮಾತ್ರ ಜಗ್ಗಲಿಲ್ಲ. ಅದರ ಜೊತೆ ಇನ್ನೊಬ್ಬರ ಬಾಳೂ ಅಂಟಿಕೊಂಡಿತ್ತು. ಏಳುಮಲೈ ಮೇಸ್ತ್ರಿ ಮೂವತ್ತೊಂದು ವರ್ಷದಿಂದ ಅದನ್ನು ಓಡಿಸುತ್ತಿರುವವರು. ಅದರ ಗರಗಸ ಹರಿತ ಮಾಡುವುದು, ಬೆಸೆಯುವುದು, ಚಕ್ರದ ಮೇಲೆ ಕೂರಿಸುವುದು ಅವರೊಬ್ಬರಿಗೇ ಬರುತ್ತದೆ. ಅದನ್ನು ಕೊಂಡವರು ಅವರನ್ನೂ ಕರೆದುಕೊಳ್ಳದೆ ವಿಧಿಯಿಲ್ಲ. ಅದು ಗುಜರಿಗೆ ಹೋದರೆ, ಐವತ್ತೆಂಟು ವರ್ಷದ ಅವರನ್ನು ಕೈಯಲ್ಲಿ ಹಿಡಿಯುವ ಪುಟ್ಟ ಮೆಷಿನ್ನುಗಳ ಈ ಕಾಲದಲ್ಲಿ ಕೆಲಸಕ್ಕೆ ಕರೆಯುವವರಿಲ್ಲ. "ಇದು ಎಲ್ಲಿಗೆ ಹೋಗ್ತದೋ ನಾನೂ ಅಲ್ಲಿಗೇ ಪಾಪಾ" ಎನ್ನುತ್ತಿದ್ದರು. ನಾನು ಲಂಗ ಹಾಕುತ್ತಿದ್ದಾಗಿನಿಂದ ಅವರಿಗೆ ನಾನು ಪಾಪಾ. "ಗುಜರಿಗೆ ಹೋದ್ರೆ ನಾನೂ ತಕ್ಕಡಿ ಮೇಲೆ ಕೂತ್ಕೋತೀನಿ." ನಗುತ್ತಲೇ ಹೇಳುತ್ತಿದ್ದರು, ಆದರೆ ಹೇಳಿದ ಮೇಲೆ ಬಹಳ ಹೊತ್ತು ಗರಗಸ ಉಜ್ಜುತ್ತಿದ್ದರು.

ಕಚೇರಿಗೆ ಅರ್ಧ ದಿನ ರಜೆ ಹಾಕಿ ಹಾಕಿ ಬಂದವರಿಗೆಲ್ಲ ತೋರಿಸಿದೆ. ಹತ್ತೊಂಬತ್ತನೆಯ ತಾರೀಖಿನೊಳಗೆ ಏಳು ಜನ ಬಂದರು, ಏಳೂ ಜನ "ಫೋನ್ ಮಾಡ್ತೀವಿ" ಎಂದು ಹೋದರು. ಅವರಲ್ಲಿ ಇಂದಿರಾನಗರದಲ್ಲಿ ಕಾಫಿ ಅಂಗಡಿ ಇಟ್ಟಿರುವ ಒಬ್ಬ ಮಾತ್ರ ಮೊದಲು ಕುಣಿದಾಡಿದ. ಅವನಿಗೆ ಎರಡು ಚಕ್ರ ಸಾಕಂತೆ, ಕಿತ್ತು ಗೋಡೆಗೆ ನೇತುಹಾಕಿ ಹಿಂದೆ ಬಲ್ಬು ಉರಿಸುತ್ತಾನಂತೆ. "ನಂಗೂ ಬಲ್ಬ್ ಹಾಕಿ ನಿಲ್ಲಿಸ್ತೀರಾ ಸಾರ್?" ಎಂದು ಮೇಸ್ತ್ರಿ ಕೇಳಿದ ಮೇಲೆ ಅವನೂ ಅದೇ ಮಾತು ಹೇಳಿ ಹೋದ. ಉಳಿದವರು ಯಾಕೆ ಹೋಗುತ್ತಾರೆ ಎಂಬುದೇ ನನಗೆ ತಿಳಿಯದು. ಆಗ ಡೈರಿಯನ್ನು ಹಿಡಿದು ಕೂತೆ. ಬಂದ ಸಮಯ, ಹೋದ ಸಮಯ, ಮಧ್ಯೆ ನಡೆದದ್ದು ಎಲ್ಲ ಬರೆದಿತ್ತು. ನೋಡಿದರೆ ಏಳೂ ಜನ ಎದ್ದದ್ದು ಚಹಾ ಕೊಟ್ಟ ಹತ್ತು ನಿಮಿಷದೊಳಗೆ! ನನಗೆ ರೋಮಾಂಚನವಾಯಿತು. ತಪ್ಪು ಚಹಾದ್ದು. ಮರುದಿನವೇ ಮೂಲೆಯಂಗಡಿಯ ಚಹಾ ಬಿಟ್ಟು ಹಲಸೂರಿನಿಂದ ಫ್ಲಾಸ್ಕಿನಲ್ಲಿ ಶುಂಠಿ ಚಹಾ ತಂದೆ. ಎಂಟನೆಯವರು, ಶಿವಾಜಿನಗರದಲ್ಲಿ ಮರದ ಅಂಗಡಿ ಇಟ್ಟಿರುವ ಹಿರಿಯರು, ಆರು ನಿಮಿಷಕ್ಕೇ ಎದ್ದರು.

ನಾನು ಗೇಟಿನವರೆಗೂ ಹಿಂದೆಯೇ ಓಡಿದೆ. "ಚಹಾ ಚೆನ್ನಾಗಿರಲಿಲ್ವಾ ಸರ್?" ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. "ಚಾಯ್ ಫಸ್ಟ್ ಕ್ಲಾಸ್ ಬೇಟಾ. ಆದ್ರೆ ಚಾಯ್ ಕೊಟ್ಟ ಕೈ ನೋಡಿದೆ. ನಿಮ್ಮ ಮೆಷಿನ್ ರಕ್ತದ ರುಚಿ ನೋಡಿದೆ. ಒಂದ್ಸಲ ನೋಡಿದ್ದು ಇನ್ನೊಂದ್ಸಲ ಕೇಳ್ತದೆ. ಅಂಥದ್ದು ನಮ್ಮ ಲೈನಲ್ಲಿ ಯಾರೂ ತಗೊಳ್ಳಲ್ಲ."

ಬಂದವರಿಗೆಲ್ಲ ಚಹಾ ಕೊಡುತ್ತಿದ್ದವರು ಮೇಸ್ತ್ರಿ. ಅವರ ಎಡಗೈಯ ಉಂಗುರ ಬೆರಳು ಅರ್ಧವೇ ಇದೆ. ಚಿಕ್ಕಂದಿನಿಂದ ನೋಡಿ ನೋಡಿ ನನಗೆ ಅದು ಕಾಣುವುದೇ ನಿಂತುಹೋಗಿತ್ತು. ಅದರ ಕಥೆಯನ್ನು ಅವರ ಬಾಯಿಂದಲೇ ಎಷ್ಟು ಸಲ ಕೇಳಿದ್ದೇನೋ. ತೇಗದ ಹಲಗೆ, ಓಡುತ್ತಿರುವ ಗರಗಸ, ಕಣ್ಣು ಮಿಟುಕಿಸುವಷ್ಟರಲ್ಲಿ ಬೆರಳು ಕೆಳಗೆ. "ಎತ್ತಿ ಜೇಬಲ್ಲಿ ಹಾಕ್ಕೊಂಡೆ ಪಾಪಾ. ಹಲಗೆ ಮುಗಿಸಿ ಆಮೇಲೆ ಆಸ್ಪತ್ರೆಗೆ ಹೋದೆ." ಈ ಕಥೆಯನ್ನು ಅವರು ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದರು. ಅವರ ಶೌರ್ಯದ ಜೊತೆಗೆ ಮೆಷಿನ್ನಿನ ಕೆಟ್ಟ ಹೆಸರೂ ಅಷ್ಟೇ ದೂರ ಹೋಗಿತ್ತು.

ಇಪ್ಪತ್ತಮೂರಕ್ಕೆ ಒಂಬತ್ತನೆಯವರು ಬಂದಾಗ ಮೇಸ್ತ್ರಿಯ ಎಡಗೈಗೆ ಟವೆಲ್ಲು ಸುತ್ತಿಸಿದೆ. ಬಂದಾತ ಗರಗಸವನ್ನೂ ನೋಡಲಿಲ್ಲ, ಚಕ್ರವನ್ನೂ ನೋಡಲಿಲ್ಲ, ಟವೆಲ್ಲನ್ನೇ ನೋಡಿದ. "ಏನ್ ಮೇಸ್ತ್ರಿ, ಒಳಗೆ ಕೋಳಿಮರಿ ಇಟ್ಕೊಂಡಿದೀರಾ?" ಅಷ್ಟು ಕೇಳಿದ್ದೇ ತಡ, ಮೇಸ್ತ್ರಿ ಟವೆಲ್ಲು ಬಿಚ್ಚಿ, ಬೆರಳು ತೋರಿಸಿ, ತೇಗದ ಹಲಗೆಯಿಂದ ಕಥೆ ಶುರುಮಾಡಿಬಿಟ್ಟರು. ಆತ ಚಹಾಕ್ಕೂ ಕಾಯಲಿಲ್ಲ. ಅಂದು ಸಂಜೆಯೇ ಗುಜರಿಯ ನಯಾಜ್ ಭಾಯ್‌ಗೆ ಫೋನು ಮಾಡಿದೆ. ಗ್ಯಾಸ್ ಕಟ್ಟರ್ ತರಬೇಕಾಗುತ್ತದೆಯೇ ಎಂದು ಕೇಳಿದರೆ, "ಬೀಡಿಗೆ ಕಟ್ಟರ್ ಯಾಕೆ ಮೇಡಂ? ದೊಡ್ಡ ಸುತ್ತಿಗೆ ಸಾಕು. ನಾಲ್ಕೇಟು ಹೊಡೆದ್ರೆ ಬಿಸ್ಕೆಟ್ ಥರ. ಮೂವತ್ತಕ್ಕೆ ಬೆಳಿಗ್ಗೆ ಬರ್ತೀನಿ" ಎಂದ. ಫೋನಿನ ದನಿ ಜೋರಾಗಿತ್ತು. ಪಕ್ಕದಲ್ಲಿದ್ದ ಮೇಸ್ತ್ರಿ ನಾಲ್ಕೇಟನ್ನೂ ಕೇಳಿಸಿಕೊಂಡರು. ಆ ದಿನ ಅವರು ತಕ್ಕಡಿಯ ಮಾತು ಆಡಲಿಲ್ಲ.

ಉಳಿದದ್ದು ಏಳು ದಿನ. ನನಗೆ ಬರುವುದು ಒಂದೇ ವಿದ್ಯೆ. ದೊಡ್ಡಪ್ಪನ ಮನೆಯ ಅಟ್ಟ ಹತ್ತಿ ಹಳೆಯ ಹಾಜರಿ ಪುಸ್ತಕಗಳನ್ನು ಇಳಿಸಿದೆ. ಕರೆಂಟು ಹೋಗಿ ಬಂದಾಗ ಆಯಿತು, ಹಲಗೆಯಲ್ಲಿ ಮೊಳೆ ಇತ್ತು ಎಂದು ಒಂದು ಸಾಲು ಸಿಕ್ಕರೂ ಮೆಷಿನ್ನಿನ ತಪ್ಪಲ್ಲ ಎಂದು ವಾದಿಸಬಹುದಲ್ಲ. ಸಿಕ್ಕಿದ್ದೇ ಬೇರೆ. ಶನಿವಾರ: ಏಳುಮಲೈ, ರಜೆ, ತಂಗಿ ಮದುವೆ. ಭಾನುವಾರ: ಶೆಡ್ಡಿಗೆ ರಜೆ. ಸೋಮವಾರದಿಂದ ಹನ್ನೊಂದು ದಿನ: ಏಳುಮಲೈ, ರಜೆ, ಬೆರಳು. ನಡುವೆ ಕೆಲಸಕ್ಕೆ ಬಂದ ದಿನ ಒಂದೂ ಇಲ್ಲ. ಕಚೇರಿಯಲ್ಲಾಗಿದ್ದರೆ ಇಂಥದ್ದು ಸಿಕ್ಕಿದ ಖುಷಿಗೆ ಇನ್ನೊಂದು ಕಾಫಿ ಕುಡಿಯುತ್ತಿದ್ದೆ. ಇಲ್ಲಿ ಪುಸ್ತಕ ಮುಚ್ಚಿ ನೇರ ಶೆಡ್ಡಿಗೆ ನಡೆದೆ.

ಪುಸ್ತಕ ತೆರೆದು ಮೇಸ್ತ್ರಿಯ ಮುಂದೆ ಹಿಡಿದೆ. ಅವರಿಗೆ ಕನ್ನಡ ಓದಲು ಬಾರದು, ಆದರೆ ನಾನು ಬೆರಳಿಟ್ಟು "ತಂಗಿ ಮದುವೆ" ಎಂದು ಓದಿದ್ದೇ ಅರ್ಥವಾಯಿತು. ಪುಸ್ತಕವನ್ನು ಮೆಲ್ಲಗೆ ಮುಚ್ಚಿ "ಕುರ್ಚಿ" ಎಂದರು.

"ಯಾವ ಕುರ್ಚಿ?"

"ಛತ್ರದ್ದು. ಮಡಚೋ ಕಬ್ಬಿಣದ ಕುರ್ಚಿ. ಹುಡುಗನ ಮಾವ ಬಂದ್ರು, ಕೂತ್ಕೊಳ್ಳಿ ಅಂತ ಬಿಚ್ತಾ ಇದ್ದೆ. ಅವ್ರು ಕೂತೇ ಬಿಟ್ರು. ದಪ್ಪ ಮನುಷ್ಯ ಪಾಪಾ." ಅರ್ಧ ಬೆರಳನ್ನು ಸವರಿಕೊಂಡು, "ನಾನು ಬಡಗಿ. ಸಾ ತಗೊಂಡ್ತು ಅಂದ್ರೆ ನಾಲ್ಕು ಜನ ಮರ್ಯಾದೆ ಕೊಡ್ತಾರೆ. ಕುರ್ಚಿ ಅಂದ್ರೆ? ನಗ್ತಾರೆ. ಯಾರಿಗೂ ಹೇಳ್ಬೇಡ" ಎಂದರು.

ಹೇಳಬೇಕಾದವರು ನೀವು ಎಂದೆ. ಅವರು ಗರಗಸ ಉಜ್ಜಲು ಹೋದರು. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು ಯಾರೂ ಬರಲಿಲ್ಲ. ದೊಡ್ಡಪ್ಪ ದಿನಾ ಸಂಜೆ ಫೋನು ಮಾಡಿ "ಏನಾಯ್ತಮ್ಮ?" ಎನ್ನುವರು. ಇಪ್ಪತ್ತೆಂಟಕ್ಕೆ ಕೇಳುವುದನ್ನೂ ಬಿಟ್ಟು, ಊಟ ಆಯಿತೇ ಎಂದು ವಿಚಾರಿಸಿ ಇಟ್ಟುಬಿಟ್ಟರು.

ಇಪ್ಪತ್ತೊಂಬತ್ತರ ಮಧ್ಯಾಹ್ನ ಯಾದಗಿರಿ ಕಡೆಯ ಇಬ್ಬರು ಅಣ್ಣತಮ್ಮಂದಿರು ಬಂದರು. ಕೆ.ಆರ್. ಪುರದಲ್ಲಿ ಬಾಡಿಗೆ ಕೋಣೆ, ಎಂಟು ವರ್ಷದಿಂದ ಊರವರ ಅಪಾರ್ಟ್‌ಮೆಂಟುಗಳಿಗೆಲ್ಲ ಕಪಾಟು ಹೊಡೆದು ಈಗ ಸ್ವಂತದ್ದೊಂದು ಅಂಗಡಿ ಹಾಕಲು ಹೊರಟವರು. ಅಣ್ಣ ಮೌನೇಶ ಮಾತುಗಾರ, ಹುರಿಮೀಸೆಯ ತಮ್ಮ ಹೇಳಿದ್ದನ್ನು ಥಟ್ಟನೆ ಮಾಡುವವನು. ಮೌನೇಶ ಚಕ್ರವನ್ನು ಕೈಯಲ್ಲಿ ತಿರುಗಿಸಿದ, ಕಿವಿಗೊಟ್ಟು ಕೇಳಿದ, ಓಡಿಸಿ ತೋರಿಸಿ ಎಂದ. ಮೇಸ್ತ್ರಿ ಸ್ವಿಚ್ಚು ಒತ್ತಿ, ಒಂದು ತುಂಡು ಹಲಗೆಯನ್ನು ಅಲೆಯಲೆಯಾಗಿ ಕೊಯ್ದು ಕೊಟ್ಟರು. ಮೌನೇಶ ಹಲಗೆಯನ್ನು ಸವರಿದ. ಆಮೇಲೆ ಅದನ್ನು ಹಿಡಿದಿದ್ದ ಕೈ ನೋಡಿದ.

"ಮೆಷಿನ್ ಛಲೋ ಅದ ಅಕ್ಕಾರ. ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದು ಯಾರದರ ರಕ್ತ ನೋಡ್ಯದೇನ್ರೀ?"

ಮೇಸ್ತ್ರಿ ಸ್ವಿಚ್ಚು ಆರಿಸಿದರು. ಬೀಡಿನ ಚಕ್ರಗಳು ತಕ್ಷಣ ನಿಲ್ಲುವುದಿಲ್ಲ. ಗುಂಯ್ ಎನ್ನುತ್ತ, ನಿಧಾನವಾಗುತ್ತ, ಇನ್ನೇನು ನಿಂತವು ಎನ್ನುವಾಗ ಮತ್ತೊಂದು ಸುತ್ತು ಸುತ್ತುತ್ತವೆ. ನಾನು ಗಡಿಯಾರ ನೋಡುತ್ತಿದ್ದೆ. ಒಂದು ನಿಮಿಷ ನಲವತ್ತು ಸೆಕೆಂಡು. ನಾನು ಬಾಯಿ ತೆರೆದರೆ ಮೇಸ್ತ್ರಿಯ ಮಾನ ಹೋಗುತ್ತದೆ, ತೆರೆಯದಿದ್ದರೆ ಕೆಲಸ ಹೋಗುತ್ತದೆ. ಚಕ್ರ ನಿಂತಿತು.

"ಇಲ್ಲ" ಎಂದರು ಮೇಸ್ತ್ರಿ. "ಇದು ನನಗೆ ಒಂದು ಗೀರೂ ಮಾಡಿಲ್ಲ. ಬೆರಳು ತಗೊಂಡಿದ್ದು ಮದುವೆಮನೆ ಕುರ್ಚಿ."

ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕರು. ಮೇಸ್ತ್ರಿ ಇಪ್ಪತ್ತು ವರ್ಷ ಹೆದರಿದ್ದ ನಗು ಅದೇ. ಅದಕ್ಕಿಂತ ಕೆಟ್ಟದ್ದೆಂದರೆ ಅವರು ನಂಬಲೇ ಇಲ್ಲ. "ಯಜಮಾನ್ರ, ಮೆಷಿನ್ ಹೋಗ್ಲಿ ಅಂತ ಕುರ್ಚಿ ಮ್ಯಾಲ ಹಾಕ್ತೀರಲ್ರೀ! ಕುರ್ಚಿ ಬೆರಳು ಕಡೀತದಂತ!" ಎಂದು ಮೌನೇಶ ಚಪ್ಪಲಿ ಮೆಟ್ಟಿಕೊಂಡ. ಒಬ್ಬ ಮನುಷ್ಯ ಇಪ್ಪತ್ತು ವರ್ಷದಲ್ಲಿ ಒಂದು ಸಲ ನಿಜ ಹೇಳಿದ್ದ, ಅದೂ ವ್ಯರ್ಥವಾಗುತ್ತಿತ್ತು. ನನಗೆ ಸಹಿಸಲಾಗಲಿಲ್ಲ. ಬಂದವರಿಗೆಂದು ಶೆಡ್ಡಿನಲ್ಲಿ ಇಟ್ಟಿದ್ದ ಎರಡು ಮಡಚುವ ಕುರ್ಚಿಗಳಲ್ಲಿ ಒಂದನ್ನು ಎಳೆದು, ಅರ್ಧ ಬಿಚ್ಚಿ, ಸೀಟಿನ ಕೆಳಗೆ ಎರಡು ಪಟ್ಟಿ ಕೂಡುವ ಜಾಗದಲ್ಲಿ ಬೆರಳಿಟ್ಟು, ಕಚೇರಿಯ ದನಿಯಲ್ಲಿ ವಿವರಿಸತೊಡಗಿದೆ. "ನೋಡಿ, ಇದು ಅಪಘಾತದ ಜಾಗ. ಬೆರಳು ಇಲ್ಲಿರುತ್ತದೆ. ಈಗ ಯಾರಾದರೂ ಕೂತರೆ..."

ತಮ್ಮ ಕೂತುಬಿಟ್ಟ.

ಆಮೇಲಿನದರ ಸಮಯ ನನ್ನ ಡೈರಿಯಲ್ಲಿಲ್ಲ. ಮೇಸ್ತ್ರಿ ಅವನ ಕೊರಳಪಟ್ಟಿ ಹಿಡಿದು ಎತ್ತಿದ್ದು, ಕುರ್ಚಿಯನ್ನು ಯಾವ ಕಡೆ ಮಡಚಿದರೆ ಬೆರಳು ಬಿಡುತ್ತದೆ ಎಂಬುದು ಅವರಿಗೆ ಮಾತ್ರ ಗೊತ್ತಿದ್ದದ್ದು ಅಷ್ಟು ನೆನಪಿದೆ. "ಪೂರ್ತಿ ಇದೆ ಪಾಪಾ, ಪೂರ್ತಿ ಇದೆ" ಎಂದು ಅವರು ನನ್ನ ಬೆರಳನ್ನು ಎಣಿಸುವವರಂತೆ ನೋಡುತ್ತಿದ್ದರು. ಹಲಸೂರಿನ ಕ್ಲಿನಿಕ್ಕಿನಲ್ಲಿ ಮೂರು ಹೊಲಿಗೆ. ಮೌನೇಶ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ನಾನು ಬಂದದ್ದೇ ಎದ್ದು ನಿಂತ. "ಮೆಷಿನ್ ನಮಗ ಕೊಡ್ರಿ ಅಕ್ಕಾರ. ಯಜಮಾನ್ರೂ ನಮ್ ಕೂಡ ಬರ್ಲಿ, ನಮಗ ಕಲಿಸ್ಲಿ. ಆ ಕುರ್ಚಿ ಮಾತ್ರ ಬ್ಯಾಡ್ರೀ."

ಮೂವತ್ತರ ಬೆಳಿಗ್ಗೆ ಬ್ಯಾಂಡ್ ಸಾ ಲಾರಿಯೇರಿ ಕೆ.ಆರ್. ಪುರದ ಕಡೆ ಹೊರಟಿತು, ಅದಕ್ಕೆ ಕಟ್ಟಿದ ಹಗ್ಗವನ್ನು ಹಿಡಿದುಕೊಂಡು ಮೇಸ್ತ್ರಿ ಲಾರಿಯ ಮೇಲೆಯೇ ನಿಂತಿದ್ದರು. ಸುತ್ತಿಗೆ ಹಿಡಿದು ಬಂದ ನಯಾಜ್ ಭಾಯ್ ಎರಡು ಕುರ್ಚಿ ಒಯ್ದ. ನಾನು ನೇರ ಕಚೇರಿಗೆ ಹೋದೆ. ಬ್ಯಾಂಡೇಜು ನೋಡಿ ಮ್ಯಾನೇಜರ್ "ಏನ್ರೀ ಇದು, ಹೇಗಾಯ್ತು?" ಎಂದರು. ಇಡೀ ಸೆಕ್ಷನ್ನು ತಲೆಯೆತ್ತಿತು. ಕುರ್ಚಿ ಎನ್ನಲು ಬಾಯಿ ತೆರೆದೆ, ಎಲ್ಲರೂ ಕುರ್ಚಿಗಳ ಮೇಲೆ ಎಷ್ಟು ನಿಶ್ಚಿಂತೆಯಿಂದ ಕೂತಿದ್ದರೆಂದರೆ, "ಬ್ಯಾಂಡ್ ಸಾ, ಸರ್" ಎಂದುಬಿಟ್ಟೆ. "ಓಡ್ತಾ ಇತ್ತಾ?" "ಫುಲ್ ಸ್ಪೀಡು." ಆ ಸೆಕ್ಷನ್ನಿನಲ್ಲಿ ಅಷ್ಟು ಗೌರವ ನನಗೆ ಎಂದೂ ಸಿಕ್ಕಿರಲಿಲ್ಲ. ಮ್ಯಾನೇಜರ್ ತಾವೇ ಎದ್ದು ಹೋಗಿ ಒಂದು ಫಾರಂ ತಂದರು. ಸಿಬ್ಬಂದಿಯ ಪಾಲಿಸಿಯಲ್ಲಿ ಇಂಥದ್ದಕ್ಕೆ ಅವಕಾಶವಿದೆಯಂತೆ, ಸುಮ್ಮನೆ ಬಿಡಬಾರದಂತೆ. ಅಪಘಾತಕ್ಕೆ ಕಾರಣ ಎಂಬ ಅಂಕಣ ಬಿಟ್ಟು ಮಿಕ್ಕೆಲ್ಲ ತುಂಬಿಸಿ ನಾಲ್ಕು ದಿನವಾಯಿತು. ದಿನಕ್ಕೆರಡು ಸಲ ಅವರು ನೆನಪಿಸುತ್ತಾರೆ. ನಾನು ಕೊಟ್ಟರೆ ಅದು ಪರಿಶೀಲನೆಗೆ ಬರುವುದು ನನ್ನ ಮೇಜಿಗೇ, ಮತ್ತು ಆ ಮೇಜಿನಲ್ಲಿ ಕೂರುವವಳು ಯಾರನ್ನೂ ಬಿಡುವವಳಲ್ಲ.