ಪ್ರತಾಪನ ಮುಂಚಕ್ರಗಳ ಮುಷ್ಕರ

"ಬೀಚಿನ ಮರಳಲ್ಲಿ ಗಾಡಿ ಓಡಿಸೋದು ನಂಗೆ ನೀರು ಕುಡಿದಷ್ಟು ಸುಲಭ. ಯಾರ ಕಾರು ಹೂತರೂ ನಾನೇ ಎಳೀತೀನಿ" ಎಂದು ಪ್ರತಾಪ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬರೆದದ್ದೇ ತಪ್ಪಾಯಿತು. ನಾರ್ವೆಸ್ಟ್ ಬಡಾವಣೆಯ ಆಫೀಸಿಗೆ ಹೋಗುವ ಡಾಂಬರು ರಸ್ತೆ ಬಿಟ್ಟರೆ ತನ್ನ ಹಳೇ ಫೋರ್ ವೀಲ್ ಡ್ರೈವನ್ನು ಅವನು ಇನ್ನೆಲ್ಲೂ ಓಡಿಸಿದವನಲ್ಲ. ಮರಳೆಂದರೆ ಅವನಿಗೆ ನಿಜಕ್ಕೂ ಭಯ. ಆದರೂ ಶನಿವಾರ ಬೆಳಗ್ಗೆ ಮಾರ್ಸ್ಡನ್ ಪಾರ್ಕ್ ಬಡಾವಣೆಯ ಅವನ ಮನೆ ಮುಂದೆ ಬೀಚಿಗೆ ಹೊರಟ ಆರು ಕಾರುಗಳು ಬಂದು ನಿಂತವು.

ಜಂಬ ಕೊಚ್ಚಿದ ತಲೆಗೇ ತಪ್ಪಿಸಿಕೊಳ್ಳುವ ಉಪಾಯವೂ ಹೊಳೆದಿತ್ತು. ಆ ಗಾಡಿಯ ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಕೈಯಲ್ಲಿ ತಿರುಗಿಸುವ ಒಂದು ಬಿಲ್ಲೆ ಇದೆ. 'ಲಾಕ್' ಮಾಡಿದರೆ ಇಂಜಿನ್ನಿನ ಶಕ್ತಿ ಮುಂಚಕ್ರಕ್ಕೂ ಬರುತ್ತದೆ, 'ಫ್ರೀ' ಮಾಡಿದರೆ ಚಕ್ರ ಸುಮ್ಮನೆ ಉರುಳುತ್ತದೆ. ಕೊಂಡ ದಿನದಿಂದ ಲಾಕ್‌ನಲ್ಲೇ ಇದ್ದ ಎರಡನ್ನೂ ಮುಂಜಾನೆಯೇ ಫ್ರೀ ಮಾಡಿಟ್ಟಿದ್ದ. ಮೊನ್ನೆಯಷ್ಟೇ ಆಯುಧಪೂಜೆ ಆದ್ದರಿಂದ ಬಿಲ್ಲೆಯ ಮೇಲಿನ 'ಲಾಕ್', 'ಫ್ರೀ' ಅಕ್ಷರಗಳೆಲ್ಲ ವಿಭೂತಿ, ಕುಂಕುಮದ ಅಡಿಯಲ್ಲಿದ್ದವು.

"ಸಾರಿ, ಫ್ರಂಟ್ ಆಕ್ಸಲ್ ಎಂಗೇಜ್ ಆಗ್ತಿಲ್ಲ, ಮುಂದಿನ ಚಕ್ರಕ್ಕೆ ಪವರ್ರೇ ಇಲ್ಲ. ಬೀಚ್ ಕ್ಯಾನ್ಸಲ್ ಮಾಡೋಣ" ಎಂದ ಮುಖ ಸಣ್ಣ ಮಾಡಿಕೊಂಡು.

ಎದುರು ಮನೆಯ ಮೋರಿಸ್ ಅಂಕಲ್ ತೋಳು ಮಡಚಿದರು. ಮಂಗಳೂರಿನವರು, ಬಸ್ ಡಿಪೋದಲ್ಲಿ ಕೆಲಸ. "ಎಂತ ಮಾರಾಯ, ನೋಡದೆ ಬಿಡುವುದಾ?"

ಪಕ್ಕದ ಖಾಲಿ ಸೈಟಿನ ಕೆಸರಿಗೆ ಗಾಡಿ ಇಳಿಸಿ ಪರೀಕ್ಷೆ ಶುರುವಾಯಿತು. ಹಿಂಚಕ್ರಗಳು ಗಿರ್ರೆಂದು ಸುತ್ತಿ, ಹಿಂದೆ ಬಗ್ಗಿ ನಿಂತಿದ್ದ ಅಂಕಲ್ಲಿಗೆ ಕೆಸರಿನ ಅಭಿಷೇಕ ಮಾಡಿದವು. ಅವರು ಜಗ್ಗಲಿಲ್ಲ.

"ಮುಂದಿನ ಶಾಫ್ಟ್ ತಿರುಗ್ತದೆ, ಚಕ್ರ ತಿರುಗುವುದಿಲ್ಲ. ಆ ಬಿಲ್ಲೆದ್ದೇ ತೊಂದರೆ. ಕುಂಕುಮ ಒರಸಿ ನೋಡುವ."

ಪ್ರತಾಪನನ್ನು ಕಾಪಾಡಿದವರು ಪೂಜೆ ಮಾಡಿಸಿದ್ದ ಮೈಸೂರಿನ ಜಯಲಕ್ಷ್ಮಿ ಆಂಟಿ. "ಅಯ್ಯೋ, ಪೂಜೆ ಕುಂಕುಮ ಒರೆಸ್ತಾರಾ ಯಾರಾದ್ರೂ?"

ಇನ್ನೊಬ್ಬರ ದೇವರ ತಂಟೆ ಅಂಕಲ್ಲಿಗೆ ಬೇಡ. ಕೈ ಹಿಂದೆ ತೆಗೆದುಕೊಂಡು ಗೇರು, ವೈರು, ಆಯಿಲ್ಲು ಎಲ್ಲ ತಡಕಿದರು. ಅರ್ಧ ಗಂಟೆಯಾಯಿತು. ಪ್ರತಾಪ ಒಳಗೊಳಗೇ ಪಾಯಸ ಕುಡಿಯುತ್ತ, ಮೊಬೈಲಿನಲ್ಲಿ ಬಳಗಕ್ಕೆ ದುಃಖದ ಮೆಸೇಜು ಟೈಪು ಮಾಡುತ್ತಿದ್ದ.

ಅಷ್ಟರಲ್ಲಿ ಆಂಟಿ ಚಕ್ರದ ಬಳಿ ಕೂತರು. "ನಾನು ಅಡ್ಡಕ್ಕೆ ಎಳೆದಿದ್ದ ವಿಭೂತಿ ಉದ್ದಕ್ಕೆ ನಿಂತಿದೆಯಲ್ಲ! ಅಪಶಕುನ" ಎನ್ನುತ್ತ ಬಿಲ್ಲೆಯನ್ನು ತಿರುಗಿಸಿ ಗೆರೆಯನ್ನು ಮತ್ತೆ ಅಡ್ಡಕ್ಕೆ ತಂದರು. ಆಚೆ ಬದಿಯದ್ದನ್ನೂ ಮಾಡಿದರು. ಪ್ರತಾಪ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಕಡೇದಾಗಿ ಒಂದು ಸಲ" ಎಂದರು ಅಂಕಲ್. ಪ್ರತಾಪ ಧೈರ್ಯವಾಗಿ ಆಕ್ಸಿಲರೇಟರ್ ಒತ್ತಿದ. ಗಾಡಿ ಹಗ್ಗ ಬಿಚ್ಚಿದ ಹೋರಿಯಂತೆ ಕೆಸರಿನಿಂದ ಜಿಗಿದು ರಸ್ತೆಗೆ ಬಂತು. ಚಪ್ಪಾಳೆ, ಶಿಳ್ಳೆ. ಆಂಟಿ ಕೈಮುಗಿದರು.

ಪ್ರತಾಪನಿಗೆ ಇನ್ನು ಮಾನಕ್ಕಿಂತ ಪ್ರಾಣ ದೊಡ್ಡದು ಎನಿಸಿತು. "ನಿಜ ಹೇಳ್ಬಿಡ್ತೀನಿ ಆಂಟಿ. ನಾನೇ ಬೇಕೂಂತ ಫ್ರೀ ಮಾಡಿದ್ದೆ. ನಂಗೆ ಮರಳಲ್ಲಿ ಓಡಿಸೋಕೆ ಬರಲ್ಲ, ಭಯ!"

ಎಲ್ಲರೂ ಗೊಳ್ಳೆಂದು ನಕ್ಕರು. "ಎಷ್ಟು ವಿನಯ ನೋಡಿ ಈ ಹುಡುಗನಿಗೆ!" ಎಂದರು ಆಂಟಿ. "ಜೋಕ್ ಸಾಕು ಮಾರಾಯ, ನೀನೇ ಮುಂದೆ ಹೋಗು" ಎಂದು ಅಂಕಲ್ ಬೆನ್ನು ತಟ್ಟಿದರು.

ಪ್ರತಾಪ ದಿಕ್ಕುಗಾಣದೆ ಹೆಂಡತಿಯ ಕಡೆ ತಿರುಗಿದ. "ಅನಘಾ, ನೀನಾದ್ರೂ ನಂಬೇ!"

"ನಂಬ್ತೀನಿ. ಬೆಳಗ್ಗೆ ನೀನು ತಿರುಗಿಸ್ತಿದ್ದಾಗ ಕಿಟಕೀಲಿ ನೋಡ್ದೆ" ಎಂದಳು ಅನಘಾ, ದೊಡ್ಡ ಡಬ್ಬಿಯೊಂದನ್ನು ಹಿಂದಿನ ಸೀಟಿಗೆ ತಳ್ಳುತ್ತ. "ನಾಲ್ಕಕ್ಕೆ ಎದ್ದು ಮೂವತ್ತು ಜನಕ್ಕೆ ಪುಳಿಯೋಗರೆ ಮಾಡಿದೀನಿ. ವಿಭೂತಿ ಸೊಟ್ಟಗಿದೆ ಅಂತ ಆಂಟಿ ಕಿವೀಲಿ ಹೇಳಿದ್ದು ಯಾರು ಅಂದ್ಕೊಂಡೆ? ಗಾಡಿ ತೆಗಿ."