ನಡೆದು ನೋಡಿ ಹೇಳುವ ರೇಟು

ನಮ್ಮ ಮಾವನ ಬಾಯಿಂದ ಒಂದು ರೇಟು ಹೊರಡಿಸುವುದಕ್ಕಿಂತ, ಸಾಗಿಸಬೇಕಾದ ಮೆಷಿನ್ನನ್ನು ನೀವೇ ಬೆನ್ನ ಮೇಲೆ ಹೊತ್ತುಕೊಂಡು ಹೋಗುವುದು ಸುಲಭ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು. ನನ್ನಲ್ಲಿ ಇದ್ದ ಶಕ್ತಿಯನ್ನೆಲ್ಲ ಮಾವನ ಹಿಂದೆ ನಡೆದೂ ನಡೆದೂ ಖರ್ಚು ಮಾಡಿಕೊಂಡಿದ್ದೇನೆ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಬೊಮ್ಮಸಂದ್ರದ ಪಕ್ಕದ ಹಳ್ಳಿಯವರು. ಆ ಹಳ್ಳಿ ಈಗ ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಎರಡು ಔಷಧಿ ಫ್ಯಾಕ್ಟರಿಗಳ ಕಾಂಪೌಂಡಿನ ನಡುವೆ ಒಂದು ಅರಳಿಕಟ್ಟೆ ಮತ್ತು ಹದಿನೈದಿಪ್ಪತ್ತು ಮನೆಗಳಾಗಿ ಉಳಿದುಕೊಂಡಿದೆ. ಹೊಲ ಹೋಗಿ ದುಡ್ಡು ಬಂದಾಗ ದಾಯಾದಿಗಳೆಲ್ಲ ನಾಲ್ಕು ನಾಲ್ಕು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟರು. ತಿಂಗಳ ಮೊದಲ ವಾರ ಮೆಟ್ಟಿಲು ಹತ್ತಿ ಇಳಿದರೆ ಅವರ ದುಡಿಮೆ ಮುಗಿಯಿತು. ನಮ್ಮ ಮಾವ ಮಾತ್ರ ಒಂದು ಹಳೆಯ ಕ್ರೇನು, ಒಂದು ಟ್ರೈಲರ್ ಕೊಂಡುಕೊಂಡು, ಫ್ಯಾಕ್ಟರಿಗಳ ಭಾರದ ಮೆಷಿನ್ನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸಕ್ಕೆ ಇಳಿದರು. ಅತ್ತೆ ಇವತ್ತಿಗೂ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾರೆ: “ಎಲ್ರೂ ಮನೆ ಕಟ್ಟುದ್ರು. ನಮ್ಮನೇವ್ರು ಕ್ರೇನ್ ಕಟ್ಕಂಡ್ರು.”

ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ! ಆ ಕೆಲಸ ಮಾಡುವ ಮಿಕ್ಕವರ ಹಾಗೆ ಮಾಡಬಾರದೇ? ಈಗೆಲ್ಲ ಟನ್ನಿಗೆ ಇಷ್ಟು, ಕಿಲೋಮೀಟರಿಗೆ ಇಷ್ಟು ಎಂದು ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ಮಾವ ಹಾಗಲ್ಲ. ಮೆಷಿನ್ ಇರುವ ಜಾಗದಿಂದ ಅದು ಹೋಗಿ ಕೂರಬೇಕಾದ ಜಾಗದವರೆಗೆ ಇಡೀ ದಾರಿಯನ್ನು ಮೊದಲು ತಮ್ಮ ಕಾಲಲ್ಲಿ ನಡೆದು ನೋಡಬೇಕು. ಬೈಕಿನಲ್ಲಿ ಹೋದರೆ ಆಗದು. ಆಟೋ ಎಂದರೆ ಮುಖ ತಿರುಗಿಸುತ್ತಾರೆ. ಅರವತ್ತೆಂಟು ವರ್ಷದ ಮನುಷ್ಯ, ಎರಡೂ ಮಂಡಿ ನೋವು, ಆದರೂ ನಡೆಯಬೇಕು. ರೇಟು ಅದರ ಆಮೇಲೆ.

“ಸಾರ್, ಒಂದು ಜನರೇಟರ್ ಇದೆ, ಬೊಮ್ಮಸಂದ್ರದಿಂದ ಸಿಂಗಸಂದ್ರಕ್ಕೆ. ಎಷ್ಟಾಗುತ್ತೆ?” ಎಂದು ಗಿರಾಕಿ ಫೋನ್ ಮಾಡುತ್ತಾನೆ.

“ನಡ್ದು ನೋಡ್ಬುಟ್ಟು ಏಳ್ತೀನಿ ಸಾರ್.”

“ಸುಮ್ನೆ ಒಂದು ಅಂದಾಜು ಹೇಳಿ ಸಾರ್. ಮ್ಯಾಪಲ್ಲಿ ದಾರಿ ಎಲ್ಲಾ ತೋರಿಸ್ತಿದೆಯಲ್ಲ.”

“ಮ್ಯಾಪು ನಡ್ದು ನೋಡೈತಾ ಸಾರ್?”

ಹತ್ತು ಗಿರಾಕಿಗಳಲ್ಲಿ ಏಳು ಜನ ಇಲ್ಲಿಗೇ ಫೋನ್ ಇಡುತ್ತಾರೆ. ಮಿಕ್ಕ ಮೂರು ಜನಕ್ಕೆ ಬೇರೆ ಯಾರೂ ಸಿಕ್ಕಿರುವುದಿಲ್ಲ.

ಇದು ಎಲ್ಲಿಂದ ಅಂಟಿಕೊಂಡ ಹಠ ಎಂದು ಒಮ್ಮೆ ಕೇಳಿದ್ದೆ. “ನಮ್ಮಪ್ಪ ಗಾಣದ ಕಲ್ಲು ಗಾಡಿ ಮ್ಯಾಲೆ ಏರೋಕೆ ಮುಂಚೆ ದಾರಿ ಪೂರ್ತಿ ನಡ್ದು ನೋಡೋನು. ಎತ್ತಿಗೆ ಬಾಯಿಲ್ಲ. ಎಲ್ಲಿ ಕಷ್ಟ ಆಯ್ತದೆ ಅಂತ ಅದು ಏಳಲ್ಲ. ನಾವೇ ಮೊದ್ಲು ಓಗಿ ತಿಳ್ಕಂಬೇಕು,” ಎಂದರು.

“ಅದು ಎತ್ತು ಮಾವ. ಇದು ಕ್ರೇನು.”

“ಕ್ರೇನಿಗೆ ಬಾಯೈತಾ?”

ನನಗೆ ಬಾಯಿದ್ದೂ ಪ್ರಯೋಜನವಿರಲಿಲ್ಲ.

ಈ ಪಾದಯಾತ್ರೆಗೆ ನಾನು ಸಿಕ್ಕಿಬಿದ್ದದ್ದು ಹೀಗೆ. ಬೊಮ್ಮಸಂದ್ರದಲ್ಲಿ ನನ್ನದೊಂದು ಸಣ್ಣ ಶೆಡ್ಡು. ಅದರಲ್ಲಿ ಒಂದು ಲೇತು, ಒಂದು ಮಿಲ್ಲಿಂಗ್ ಮೆಷಿನ್, ಇಬ್ಬರು ಕೆಲಸಗಾರರು. ಕೆಲಸವಿಲ್ಲದ ದಿನಗಳು ಈಚೆಗೆ ಜಾಸ್ತಿಯಾಗಿದ್ದವು. ಮಾವನಿಗೆ ಅದು ಹೇಗೋ ವಾಸನೆ ಹತ್ತುತ್ತಿತ್ತು. “ಕುಂತು ಏನ್ ಮಾಡ್ತೀಯಾ, ಬಾ, ಬರ್ಕಳೋಕೆ ಒಬ್ರು ಬೇಕು,” ಎಂದು ನೋಟ್‌ಬುಕ್ಕನ್ನು ಕೈಗೆ ತುರುಕುತ್ತಿದ್ದರು. ಅವರು ಮುಂದೆ, ನಾನು ಹಿಂದೆ. ಹೊಸೂರು ರಸ್ತೆಯ ಧೂಳೆಲ್ಲ ನಮ್ಮಿಬ್ಬರ ಮೇಲೆ.

ಮಾವನ ಕೈಯಲ್ಲಿ ಉದ್ದನೆಯ ಬಿದಿರು ಗಳ. ಮೆಷಿನ್ ಟ್ರೈಲರ್ ಮೇಲೆ ಕೂತರೆ ಎಷ್ಟು ಎತ್ತರ ಬರುತ್ತದೋ ಅಷ್ಟಕ್ಕೆ ಸರಿಯಾಗಿ ಅದಕ್ಕೊಂದು ಕೆಂಪು ಬಟ್ಟೆ ಕಟ್ಟಿರುತ್ತಾರೆ. ದಾರಿಯಲ್ಲಿ ಕರೆಂಟ್ ತಂತಿ ಕಂಡಲ್ಲೆಲ್ಲ ಗಳ ನಿಲ್ಲಿಸಿ, ಕತ್ತು ಎತ್ತಿ, ತಂತಿಗೂ ಬಟ್ಟೆಗೂ ಎಷ್ಟು ಅಂತರ ಎಂದು ನೋಡುತ್ತಾರೆ. ನೋಡಿದವರಿಗೆ ಇವರು ಯಾರೆಂದು ಅನ್ನಿಸಬೇಕು? ಒಂದು ಮಧ್ಯಾಹ್ನ ಗಲ್ಲಿಯೊಂದರಲ್ಲಿ ಏಳೆಂಟು ಹೆಂಗಸರು ಸುತ್ತುವರಿದರು. “ಅಣ್ಣ, ಲೈನ್‌ಮನ್ ಅಲ್ವಾ ನೀವು? ಬೆಳಿಗ್ಗೆಯಿಂದ ಕರೆಂಟ್ ಇಲ್ಲ, ಫೋನ್ ಮಾಡಿದ್ರೆ ಎತ್ತಲ್ಲ, ಏನ್ ಕಥೆ ನಿಮ್ದು?” ನಾನು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಗಂಭೀರವಾಗಿ, “ನಾಕು ಗಂಟೆಗೆ ಬತ್ತದಮ್ಮ,” ಎಂದುಬಿಟ್ಟರು! ಆಚೆ ಬಂದ ಮೇಲೆ ಬೈದೆ. “ಬೇಜಾರಲ್ಲಿದ್ರು ಕಣೋ, ಏನೋ ಒಂದು ಏಳ್ಬೇಕಲ್ಲ,” ಎಂದರು. ನಾಲ್ಕಕ್ಕೆ ಸರಿಯಾಗಿ ಕರೆಂಟ್ ಬಂತು. ಅಂದಿನಿಂದ ಆ ಗಲ್ಲಿಯಲ್ಲಿ ಮಾವನಿಗೆ ಸಿಗುವ ಮರ್ಯಾದೆ ಎಂ.ಎಲ್.ಎ.ಗೂ ಸಿಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಹೊರಬೀಳುವ ರೇಟಿನಲ್ಲಿ ಏನೇನಿರುತ್ತದೆ ಗೊತ್ತೇ? ಎತ್ತುವುದಕ್ಕೆ ಇಷ್ಟು, ಇಳಿಸುವುದಕ್ಕೆ ಇಷ್ಟು. ರಸ್ತೆಯ ಹಂಪು ಹದಿಮೂರು, ಒಂದೊಂದಕ್ಕೆ ಇಷ್ಟು. ಇಕ್ಕಟ್ಟಿನ ತಿರುವು ಮೂರು. ತಗ್ಗಾದ ತಂತಿ ಎರಡು. ಹೇಳಿದ್ದರಲ್ಲಿ ಒಂದು ರೂಪಾಯಿ ಕಮ್ಮಿಯಿಲ್ಲ. ಒಬ್ಬ ಮ್ಯಾನೇಜರ್, “ಜಾಸ್ತಿ ಆಯ್ತು,” ಎಂದು ಗೊಣಗಿದ. ಮಾವ ಕೂಡಲೇ ಒಪ್ಪಿಕೊಂಡರು. “ಊಂ ಸಾರ್, ಜಾಸ್ತೀನೇ. ಆದ್ರೆ ಆ ತಿರುವು ನಾನ್ ಮಾಡಿದ್ದಲ್ಲ. ಅದನ್ನ ತೆಗ್ಸಿ, ಕಮ್ಮಿ ಮಾಡ್ತೀನಿ.”

ಅದೇ ಮ್ಯಾನೇಜರಿನ ಮೆಷಿನ್ ಸಾಗಿಸುವ ಹೊತ್ತಿಗೆ ರಸ್ತೆಗೆ ಹೊಸದಾಗಿ ಟಾರು ಬಿದ್ದು ಒಂದು ಹಂಪು ಮಾಯವಾಗಿತ್ತು. ಮೆಷಿನ್ ಇಳಿಸಿ, ದುಡ್ಡು ಇಸಿದುಕೊಂಡು, ಮಾವ ಅದರಿಂದ ಮುನ್ನೂರು ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು.

“ಇದೇನ್ರೀ?”

“ನಿಮ್ ಹಂಪು ಸಾರ್.”

ಆ ಮನುಷ್ಯ ಅದನ್ನು ತೆಗೆದುಕೊಳ್ಳಲೂ ಆಗದೆ, ಬೇಡ ಎನ್ನಲೂ ಆಗದೆ, ನನ್ನ ಮುಖ ನೋಡಿದ. ನಾನು ಕಿಟಕಿಯ ಆಚೆ ನೋಡಿದೆ. ಎಷ್ಟು ಜನಕ್ಕೆ ಎಂದು ವಿವರಣೆ ಕೊಡುವುದು!

ಇಂಥವರು ಹೇಳುವುದೆಲ್ಲ ಕೊನೆಗೆ ನಿಜವಾಗುತ್ತದೆ ಎಂದು ನೀವು ಅಂದುಕೊಂಡಿದ್ದರೆ, ದಯವಿಟ್ಟು ಅಂಥ ಆಸೆ ಇಟ್ಟುಕೊಳ್ಳಬೇಡಿ. ಕೈಗಾರಿಕಾ ಪ್ರದೇಶದ ನಡುವೆ ಅಗಲವಾದ, ನೀಟಾದ ಒಂದು ರಸ್ತೆಯಿದೆ. ಮಾವ ಅದರ ಮೇಲೆ ಟ್ರೈಲರ್ ಒಯ್ಯುವುದಿಲ್ಲ. “ಇದರ ಕೆಳಗೆ ಕುಂಟೆ ಐತೆ. ನಾವು ದನ ಮೈ ತೊಳೀತಿದ್ದ ಕುಂಟೆ. ಮಣ್ಣು ತುಂಬಿ ರೋಡ್ ಮಾಡವ್ರೆ,” ಎನ್ನುತ್ತಾರೆ. ಅದಕ್ಕೆ ಎರಡು ಕಿಲೋಮೀಟರ್ ಸುತ್ತು, ಆ ಸುತ್ತಿಗೂ ರೇಟು!

“ಮಾವ, ದಿನಾ ಕಂಪನಿ ಬಸ್ಸುಗಳೆಲ್ಲ ಇಲ್ಲೇ ಓಡಾಡ್ತವೆ.”

“ಬಸ್ಸು ಓಡೋಯ್ತದೆ. ನನ್ ಟ್ರೈಲರ್ ನಿಂತ್ಕಂಡು ನಿಂತ್ಕಂಡು ಓಯ್ತದೆ.”

ಒಂದು ಸಲ ಗಿರಾಕಿ ತಾಳ್ಮೆಗೆಟ್ಟು ಬೇರೆಯವರನ್ನು ಕರೆಸಿದ. ಅವರು ಹದಿನೆಂಟು ಟನ್ನಿನ ಪ್ರೆಸ್ಸನ್ನು ಅದೇ ರಸ್ತೆಯ ಮೇಲೆ ಇಪ್ಪತ್ತು ನಿಮಿಷದಲ್ಲಿ ದಾಟಿಸಿಕೊಂಡು ಹೋದರು. ರಸ್ತೆ ಕುಸಿಯಲಿಲ್ಲ, ಬಿರುಕೂ ಬಿಡಲಿಲ್ಲ. ಮಾವ ಪಕ್ಕದಲ್ಲಿ ನಿಂತು ಪೂರ್ತಿ ನೋಡಿ, “ಈ ಸಲ ತಡ್ಕಂತು,” ಎಂದು ಹೇಳಿ ಮನೆಗೆ ಹೊರಟರು. ಗಿರಾಕಿಯಂತೂ ಮತ್ತೆ ಬರಲಿಲ್ಲ.

ಇದನ್ನೆಲ್ಲ ನಗುತ್ತ ಹೇಳಿಕೊಂಡು ತಿರುಗುತ್ತಿದ್ದ ನನಗೇ ಒಂದು ದಿನ ಮಾವನ ಕ್ರೇನು ಬೇಕಾಗಿ ಬಂತು.

ಶೆಡ್ಡಿನ ಮಾಲೀಕರು ಅಲ್ಲಿ ಪಿ.ಜಿ. ಕಟ್ಟಿಸುತ್ತೇವೆ, ತಿಂಗಳೊಳಗೆ ಖಾಲಿ ಮಾಡಿ ಎಂದರು. ಅವರ ತಪ್ಪೇನಿಲ್ಲ, ನನ್ನ ಬಾಡಿಗೆಯ ಹತ್ತು ಪಟ್ಟು ಅದರಲ್ಲಿ ಬರುತ್ತದೆ. ಜಿಗಣಿಯಲ್ಲಿ ಒಂದು ಚಿಕ್ಕ ಶೆಡ್ಡು ಸಿಕ್ಕಿತು. ಪಂಪಿನ ಶಾಫ್ಟ್ ಮಾಡಿಸಿಕೊಳ್ಳುವ ಒಬ್ಬನೇ ಒಬ್ಬ ಖಾಯಂ ಗಿರಾಕಿ ಖಡಾಖಂಡಿತವಾಗಿ ಹೇಳಿದ: “ಒಂದನೇ ತಾರೀಖು ಅಲ್ಲಿ ಮೆಷಿನ್ ತಿರುಗ್ತಾ ಇದ್ರೆ ಆರ್ಡರ್ ನಿಮ್ದು. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ.”

ನನಗೆ ಬೇಜಾರಾಗಲಿಲ್ಲ. ಅದೇ ಭಯವಾಗಿದ್ದು. ಇಪ್ಪತ್ತು ವರ್ಷ ಆ ಲೇತಿನ ಮುಂದೆ ನಿಂತಿದ್ದೇನೆ, ಸೊಂಟ ಬಿದ್ದುಹೋಗಿದೆ. ಮತ್ತೆ ಹೊಸ ಜಾಗ, ಹೊಸ ಕರೆಂಟ್ ಕನೆಕ್ಷನ್, ಹೊಸ ಅಡ್ವಾನ್ಸು ಎಂದು ನೆನೆಸಿಕೊಂಡರೆ ಮಲಗಿಬಿಡೋಣ ಅನ್ನಿಸುತ್ತಿತ್ತು. ಹೆಂಡತಿಗೂ ಹೇಳದೆ ಗುಜರಿಯವನಿಗೆ ಫೋನ್ ಮಾಡಿದೆ. ಅವನು ನಡೆಯಲೂ ಇಲ್ಲ, ನೋಡಲೂ ಇಲ್ಲ. ಎರಡೂ ಮೆಷಿನ್ನಿಗೆ ಸೇರಿಸಿ ಅರ್ಧ ನಿಮಿಷದಲ್ಲಿ ಬೆಲೆ ಹೇಳಿದ. ಯೋಚನೆ ಮಾಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಇಟ್ಟ ಮೇಲೆ ಬಹಳ ಹೊತ್ತು ಲೇತಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದೆ.

ಮನೆಯವರ ಒತ್ತಾಯಕ್ಕೆ ಮಾವನನ್ನೂ ಕೇಳಿದೆ. “ಮಾವ, ಜಿಗಣಿಗೆ ಎರಡು ಮೆಷಿನ್. ಒಂದು ರೇಟ್ ಹೇಳಿ. ನಮ್ಮನೆಯವರ ರೇಟು.”

“ಅಕ್ಕನ ಮಗ ಅಂತ ಮೆಷಿನ್ ಅಗುರ ಆಯ್ತದಾ? ನಡ್ದು ನೋಡ್ಬುಟ್ಟು ಏಳ್ತೀನಿ.”

ತಿಂಗಳು ಮುಗಿಯಲು ಎಂಟು ದಿನ. ಮೊದಲ ದಿನ ಮೂರು ಕಿಲೋಮೀಟರ್ ಆಗುವಷ್ಟರಲ್ಲಿ ಮಾವನ ಮಂಡಿ ಊದಿಕೊಂಡಿತು, ವಾಪಸ್ಸು ಬಂದೆವು. ಎರಡನೆಯ ದಿನ ಅಲ್ಲಿಂದ ಮುಂದಕ್ಕೆ ಶುರು ಮಾಡಿ, ಕೆಂಪು ಬಟ್ಟೆಗೆ ತಾಗುವಂತಿದ್ದ ಒಂದು ಕೇಬಲ್ಲಿನ ಮುಂದೆ ಒಂದು ಗಂಟೆ ಕಳೆದರು. ಮೂರನೆಯ ದಿನ ಬರಲೇ ಇಲ್ಲ. ನಾಲ್ಕನೆಯ ದಿನವೂ ಇಲ್ಲ. ಫೋನ್ ಎತ್ತುವುದಿಲ್ಲ. ಅತ್ತೆಯನ್ನು ಕೇಳಿದರೆ, “ಗಳ ತಗಂಡು ಬೆಳಿಗ್ಗೇನೇ ಓದ್ರಪ್ಪ,” ಎಂದರು. ನನ್ನ ಕೆಲಸ ಬಿಟ್ಟು ಇನ್ಯಾರದೋ ದಾರಿ ಅಳೆಯಲು ಹೋಗಿದ್ದಾರೆ ಎಂದು ಮೈಯೆಲ್ಲ ಉರಿಯಿತು. ಗುಜರಿಯವನೇ ವಾಸಿ ಅಂದುಕೊಂಡೆ.

ಐದನೆಯ ದಿನ ಏನೂ ಆಗದವರ ಹಾಗೆ ಬಂದರು. ಕುಂಟುತ್ತಿದ್ದರು. ಸಿಟ್ಟಿನಲ್ಲೇ ನೋಟ್‌ಬುಕ್ ತೆಗೆದುಕೊಂಡು ಹಿಂದೆ ಹೊರಟೆ. ಉಳಿದ ದಾರಿ ಮುಗಿಸಿ ಜಿಗಣಿಯ ಶೆಡ್ಡಿನ ಎದುರು ಟೀ ಅಂಗಡಿಯಲ್ಲಿ ಕೂತೆವು. ಮಾವ ಲೋಟ ಕೆಳಗಿಟ್ಟು, “ಇಪ್ಪತ್ತೆರಡು ಸಾವಿರ,” ಎಂದರು.

“ಆಯ್ತು.”

“ಗುಜರಿ ಅಂಗಡಿಗಾದ್ರೆ ಒಂಬತ್ತು ಸಾವಿರ.”

ನನ್ನ ಕೈಯಲ್ಲಿದ್ದ ಟೀ ಅರ್ಧ ಪ್ಯಾಂಟಿನ ಮೇಲೆ ಚೆಲ್ಲಿತು.

“ಅವ್ನು ಮೆಷಿನ್ ಎತ್ತೋಕೆ ಕ್ರೇನ್ ಬೇಕು ಅಂತ ನಂಗೇ ಫೋನ್ ಮಾಡಿದ್ದ ಕಣಪ್ಪ. ಶೆಡ್ ಎಲ್ಲಿ ಅಂದೆ. ನಿನ್ ಶೆಡ್ ಏಳ್ದ,” ಎಂದರು ಮಾವ. “ಎಲ್ಡು ದಿನ ಆ ದಾರಿ ನಡ್ದೆ. ಅದೇ ಸಲೀಸು. ಹಂಪು ಎಲ್ಡೇ, ತಂತಿ ಒಂದೂ ಇಲ್ಲ. ಸುಳ್ಳು ಏಳಬಾರ್ದು, ನಿಂಗೂ ಅದೇ ಸುಲಭ.”

ನಾನು ತಲೆ ತಗ್ಗಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಎಲ್ಲಿಗೆ ಅಂತ ನಾನು ಏಳಲ್ಲ. ನಿಂತು ದುಡ್ದೋನು ನೀನು, ನಿನ್ ಸೊಂಟ ನಿಂಗೇ ಗೊತ್ತು. ಆದ್ರೆ ಗುಜರಿಗೇ ಆದ್ರೂ ಬ್ಯಾರೆಯವ್ರನ್ನ ಕರೀಬ್ಯಾಡ. ಅವ್ರು ಅಲ್ಲೇ ಗ್ಯಾಸಲ್ಲಿ ಕುಯ್ದು ತುಂಡು ತುಂಡು ಲಾರಿಗೆ ಎಸ್ಕಂಡು ಓಯ್ತಾರೆ. ನೀನು ಅದನ್ನ ನೋಡ್ಬಾರ್ದು. ನಾನೇ ಬಂದು ಇಡೀದಾಗಿ ಎತ್ತಿ, ಇಡೀದಾಗಿ ಇಳಿಸ್ತೀನಿ.”

ಆ ತಿಂಗಳಲ್ಲಿ ನನಗೆ ಬುದ್ಧಿ ಹೇಳಿದವರು ಎಷ್ಟು ಜನ! ಮಾಲೀಕರು ಹೇಳಿದರು, ಗಿರಾಕಿ ಹೇಳಿದ, ಭಾವಮೈದುನ ಊಬರ್ ಓಡಿಸು ಎಂದ. ನನ್ನ ಎರಡೂ ದಾರಿಗಳನ್ನು ಊದಿದ ಮಂಡಿಯಲ್ಲಿ ಕೊನೆಯವರೆಗೂ ನಡೆದು ನೋಡಿ ಬಂದವರು ಇವರೊಬ್ಬರೇ. ಟೀ ಅಂಗಡಿಯವನು ನೋಡುತ್ತಿದ್ದ, ನೋಡಿಕೊಳ್ಳಲಿ ಎಂದು ಅತ್ತುಬಿಟ್ಟೆ.

“ಇಲ್ಲಿಗೇ ತನ್ನಿ ಮಾವ,” ಎಂದೆ.

“ಸರಿ. ಭಾನುವಾರ ಬೆಳಿಗ್ಗೆ ಆರಕ್ಕೆ ಕ್ರೇನ್ ತತ್ತೀನಿ,” ಎಂದು ಏಳಲು ಹೋದವರು ಏಳಲಾರದೆ ಬೆಂಚಿನ ಮೇಲೇ ಕೂತರು. ನನ್ನ ಮುಖ ನೋಡದೆ, “ಒಸಿ ಆಟೋ ಕರೀತೀಯಾ?” ಎಂದರು.

ಆಟೋ ಹತ್ತಿದ ಎರಡು ನಿಮಿಷಕ್ಕೆ ಮಾವ ನನ್ನ ಭುಜದ ಮೇಲೆ ಒರಗಿ ನಿದ್ದೆ ಹೋದರು. ರಸ್ತೆ ಕೆಟ್ಟದಾಗಿತ್ತು. ಅವರ ತಲೆ ಜಾರದ ಹಾಗೆ ಅಂಗೈ ಕೊಟ್ಟು ಹಿಡಿದುಕೊಂಡು, “ಎಷ್ಟೊತ್ತಾದ್ರೂ ಪರವಾಗಿಲ್ಲ ಗುರು, ನಿಧಾನಕ್ಕೆ ಹೋಗು,” ಎಂದು ಡ್ರೈವರಿಗೆ ಹೇಳಿದೆ.