ಗಿಳಿಮೀನೂ ನನ್ನ ಕಟ್ಟಿಸಿದ ಹಲ್ಲೂ

ಬೋಳುತಲೆಯನ್ನು ಟೋಪಿಯಿಂದ ಮುಚ್ಚಬಹುದು, ಹೊಟ್ಟೆಯನ್ನು ಕೋಟಿನಿಂದ ಮುಚ್ಚಬಹುದು. ಆದರೆ ಕಟ್ಟಿಸಿದ ಹಲ್ಲನ್ನು ಮುಚ್ಚಬೇಕಾದರೆ ಬಾಯನ್ನೇ ಮುಚ್ಚಬೇಕು. ಮೇಷ್ಟ್ರಾದವನಿಗೆ ಅದು ಆಗದ ಮಾತು. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ನಲವತ್ತೈದಕ್ಕೇ ಹಲ್ಲುಗಳೆಲ್ಲ ಕೈಕೊಟ್ಟು, ಶಿವಮೊಗ್ಗಕ್ಕೆ ಹೋಗಿ ಎರಡು ಸಾಲು ಹೊಸ ಹಲ್ಲು ಕಟ್ಟಿಸಿಕೊಂಡು ಬಂದೆ. ನೋಡಲು ಚೆನ್ನಾಗಿಯೇ ಇದ್ದವು. ಮಾತಾಡಿದರೆ ಮಾತ್ರ ಕಟಕಟ ಎನ್ನುತ್ತಿದ್ದವು. ಹೆಂಡತಿ ಅಡುಗೆಮನೆಯಿಂದಲೇ, "ಯಾರೋ ಚಿಲಕ ಬಡೀತಿದಾರೆ ನೋಡ್ರೀ" ಎಂದಳು. ನಾನು ಬಾಗಿಲಿಗೆ ಹೋಗದೆ ರಜೆಗೆ ಅರ್ಜಿ ಬರೆದೆ.

ಹದಿನೈದು ದಿನ ನೋಡಿ ಹೆಡ್ಮಾಸ್ಟರು ಮನೆಗೇ ಬಂದರು. "ಹಲ್ಲಿಲ್ಲದೋರು ಪೆನ್ಷನ್ ತಗೋತಾರೆ, ಹಲ್ಲು ಕಟ್ಟಿಸಿದೋರು ಪಾಠ ಮಾಡ್ಬೇಕು ಕಣ್ರೀ. ನಾಳೆ ಬರದಿದ್ರೆ ನಿಮ್ಮ ಕ್ಲಾಸು ಡ್ರಿಲ್ ಮೇಷ್ಟ್ರಿಗೆ ಕೊಡ್ತೀನಿ" ಎಂದರು. ಹೋಗಲೇಬೇಕಾಯಿತು. ಆದರೆ ಮಕ್ಕಳು ಒಮ್ಮೆ ನಕ್ಕರೆ ಅಲ್ಲಿಗೆ ನನ್ನ ಮೇಷ್ಟ್ರಿಕೆ ಮುಗಿದಂತೆಯೇ ಎಂದು ಭಯವಾಗಿತ್ತು.

ಬಾಯಿಗಿಂತ ಸೀಮೆಸುಣ್ಣಕ್ಕೆ ಹೆಚ್ಚು ಕೆಲಸವಿರುವ ಪಾಠ ಹುಡುಕಿ, ಗಿಳಿಮೀನೆಂಬ ಸಮುದ್ರದ ಮೀನನ್ನು ಆರಿಸಿಕೊಂಡೆ. ಸಮುದ್ರವನ್ನು ನಾನು ಕಂಡವನಲ್ಲ. ಮೀನಿನ ಹೆಸರನ್ನಂತೂ ನಮ್ಮ ಮನೆಯಲ್ಲಿ ಎತ್ತುವಂತಿಲ್ಲ. ಹಳೆಯ ಪತ್ರಿಕೆಯೊಂದರಲ್ಲಿ ಓದಿದ್ದಷ್ಟೇ ನನ್ನ ಬಂಡವಾಳ. ಬೋರ್ಡಿನ ಮೇಲೆ ಹವಳದ ದಿಬ್ಬ ಬರೆದೆ, ಕೊಕ್ಕಿನಂಥ ಬಾಯಿ ಬರೆದೆ, ಹಸಿರು ನೀಲಿ ಬಣ್ಣ ತುಂಬಿದೆ. ಪಾಚಿಯ ಆಸೆಗೆ ಇದು ಹವಳದ ಕಲ್ಲನ್ನೇ ಕೆರೆದು ಅರೆದು ನುಂಗುತ್ತದೆ, ಆ ಕಲ್ಲು ಹೊಟ್ಟೆಯಿಂದ ಬಿಳಿ ಮರಳಾಗಿ ಹೊರಬರುತ್ತದೆ, ಮಲಗುವಾಗ ಕೆಲವು ಗಿಳಿಮೀನುಗಳು ತಮ್ಮದೇ ಲೋಳೆಯ ಸೊಳ್ಳೆಪರದೆ ಕಟ್ಟಿಕೊಳ್ಳುತ್ತವೆ ಎಂದು ತುಟಿ ಬಿಚ್ಚದೆ ಗೊಣಗಿದೆ. ಅದರ ಹಲ್ಲು ಸವೆದಷ್ಟೂ ಮತ್ತೆ ಬೆಳೆಯುತ್ತದೆ ಎನ್ನುವಾಗ ಹೊಟ್ಟೆಕಿಚ್ಚಾಯಿತು.

ಸೊರಬದ ಕಡೆಯ ಹೊಸಬಾಳೆಯಿಂದ ಬಂದು, ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ ಗೌರಿ ಎದ್ದು ನಿಂತಳು. "ಸಾರ್, ಅದು ಕಲ್ಲು ತಿನ್ನೋದು ಕೇಳ್ತದಾ?"

"ಕೇಳದೆ ಏನಮ್ಮ! ನೀರಿಗಿಳಿದೋರಿಗೆ ಚೆನ್ನಾಗಿ ಕೇಳುತ್ತೆ" ಎನ್ನುತ್ತ ಉತ್ಸಾಹದಲ್ಲಿ ಬಾಯಿ ಪೂರಾ ತೆರೆದುಬಿಟ್ಟೆ. ಕಟ್, ಕಟ್, ಕಟಕಟ! ತಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡೆ. ಗೌರಿ ಮಾತ್ರ ಕಣ್ಣರಳಿಸಿ, "ಹಿಂಗೇ ಕೇಳ್ತದಾ? ಇನ್ನೊಂದ್ಸಲ ಮಾಡಿ ಸಾರ್!" ಎಂದಳು.

ಮಾಡಿದೆ. ಮರಿಮೀನು, ದೊಡ್ಡ ಮೀನು, ಹಿಂಡಾಗಿ ಮೇಯುವ ಮೀನು, ಎಲ್ಲವನ್ನೂ ಮಾಡಿದೆ. ಸಮುದ್ರವನ್ನೇ ಕಾಣದವನ ಬಾಯಿಂದ ಮಕ್ಕಳು ಸಮುದ್ರದ ಸದ್ದು ಕೇಳಿದರು. ಇನ್ನೂ ಹತ್ತು ವರ್ಷ ಪಾಠ ಹೇಳಬಲ್ಲೆ ಅನ್ನಿಸಿ ನನಗೆ ನಿಜಕ್ಕೂ ಸಂತೋಷವಾಯಿತು.

ಒಂದೇ ತೊಂದರೆ. ಕೆಲವೇ ತಿಂಗಳಲ್ಲಿ ಹಲ್ಲು ಒಸಡಿಗೆ ಹೊಂದಿಕೊಂಡು ಸದ್ದು ನಿಂತುಹೋಯಿತು. ಮರುವರ್ಷದ ಮಕ್ಕಳು ಮೊದಲ ದಿನವೇ, "ಸಾರ್, ಮೀನಿನ ಪಾಠ ಯಾವಾಗ್ರೀ?" ಎಂದರು. ಸದ್ದಿಗೆ ಹೆದರಿ ರಜೆ ಹಾಕಿದ್ದವನು, ಮಾರನೆಯ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನಾಲಿಗೆಯಿಂದ ಹಲ್ಲನ್ನು ಮೆಲ್ಲಗೆ ಸಡಿಲಿಸಿಕೊಳ್ಳುತ್ತಿದ್ದೆ.